ಬಾಡಿಗೆ ವಸೂಲಿಗೆ ಹೋದ ಭಕ್ತ

ಪ್ರಶ್ನೆ: ಓಜೆರ್ ಕಿಜಿಲ್ತಾನ್ ನಿರ್ದೇಶಿಸಿದ ‘ತಕ್ವಾ’ ಎಂಬ ಟರ್ಕಿಶ್ ಚಿತ್ರವನ್ನು ಈಚೆಗೆ ನೋಡಿದೆ. ನಾಯಕ ಮುಹರ್ರೆಮ್ ಘೋರ ಪಾಪವನ್ನೇನೂ ಮಾಡದಿದ್ದರೂ ಕೊನೆಗೆ ಅವನ ಮನಸ್ಸು ಕುಸಿಯುವುದೇಕೆ? ಚಿತ್ರವು ಧರ್ಮವನ್ನೇ ಹೀಗಳೆಯುತ್ತಿದೆಯೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಇಲ್ಲ. 2006ರ ಈ ಚಿತ್ರವು ಜಿಕ್ರ್ ಸಭೆಗಳನ್ನು, ಅಂದರೆ ದೇವನಾಮವನ್ನು ಉಚ್ಚರಿಸುತ್ತ ಒಟ್ಟಾಗಿ ತೂಗುವ ಭಕ್ತರನ್ನು, ತೋರಿಸುವ ಬಗೆಯಲ್ಲಿ ಗೌರವವಿದೆ. ಅಪಹಾಸ್ಯವೇ ಉದ್ದೇಶವಾಗಿದ್ದರೆ ಅಷ್ಟೊಂದು ತಾಳ್ಮೆ ಬೇಕಾಗುತ್ತಿರಲಿಲ್ಲ.

ಇಸ್ತಾಂಬುಲ್‌ನ ಚೀಲದ ವ್ಯಾಪಾರಿಯೊಬ್ಬನ ಬಳಿ ದುಡಿಯುತ್ತ ಒಂಟಿಯಾಗಿ ಬದುಕುವ ಮುಹರ್ರೆಮ್‌ನನ್ನು ಅವನ ಸೂಫಿ ಪಂಥದ ಶೇಖ್, ಅಂದರೆ ಗುರು, ಪಂಥದ ಆಸ್ತಿಗಳ ಬಾಡಿಗೆ ವಸೂಲಿಗೆ ಆರಿಸುವುದು ಅವನು ಲೆಕ್ಕಪತ್ರದಲ್ಲಿ ಜಾಣನೆಂದಲ್ಲ, ದುಡ್ಡಿನ ಆಸೆಯಿಲ್ಲದವನೆಂದು. ಅವನ ನಿಸ್ಪೃಹತೆಯೇ ಸಂಸ್ಥೆಗೆ ಬಂಡವಾಳವಾಗುತ್ತದೆ. ಹೊಸ ಸೂಟು, ಮೊಬೈಲು, ಚಾಲಕನಿರುವ ಕಾರು ಇವೆಲ್ಲ ಅವನು ಬೇಡಿ ಪಡೆದವಲ್ಲ, ಸೇವೆಯ ಹೆಸರಿನಲ್ಲಿ ಅವನ ಮೇಲೆ ಹೇರಿದವು. ಟರ್ಕಿಯಲ್ಲಿ ಸೂಫಿ ಪಂಥಗಳ ಮಠಗಳನ್ನು 1925ರ ಕಾಯ್ದೆಯೇ ಮುಚ್ಚಿಸಿತ್ತು. ಆದರೂ ಪಂಥಗಳು ಅಳಿಯಲಿಲ್ಲ. ಕಾನೂನಿನ ಮಾನ್ಯತೆಯಿಲ್ಲದೆ ಆಸ್ತಿ ನಡೆಸಬೇಕಾದವರಿಗೆ ಇಂಥ ನಂಬಿಗಸ್ತ ಮುಖ ಎಷ್ಟು ಅಗತ್ಯವೆಂಬುದನ್ನು ಊಹಿಸಬಹುದು.

ಬಾಡಿಗೆ ಕೊಡಲಾಗದ ಬಡ ಕುಟುಂಬವನ್ನು ಕಂಡು ಮುಹರ್ರೆಮ್ ಕರಗುತ್ತಾನೆ. ಆದರೆ ಆ ಹಣದಿಂದಲೇ ಪಂಥದ ಆಶ್ರಯದಲ್ಲಿರುವ ವಿದ್ಯಾರ್ಥಿಗಳ ಓದು ನಡೆಯಬೇಕೆಂಬ ಸಮಾಧಾನ ಅವನಿಗೆ ಸಿಗುತ್ತದೆ. ಈ ಮಾತು ಸುಳ್ಳಲ್ಲ ಎಂಬುದೇ ತೊಡಕು. ಶೇಖ್ ಬರಿಯ ಕಪಟಿಯಾಗಿದ್ದರೆ ಮುಹರ್ರೆಮ್ ಸಿಟ್ಟಾಗಿ ಹೊರನಡೆಯಬಹುದಿತ್ತು, ಚಿತ್ರವೂ ಸಾಧಾರಣವಾಗುತ್ತಿತ್ತು; ಚಿತ್ರಕಥೆ ಬರೆದ ಓಂದೆರ್ ಚಾಕಾರ್ ಆ ಸುಲಭದ ದಾರಿ ಹಿಡಿದಿಲ್ಲ.

ಇನ್ನು ಅವನನ್ನು ಕಾಡುವ ಕಾಮದ ಕನಸುಗಳು. ಅವುಗಳಲ್ಲಿ ಬರುವ ಹೆಣ್ಣು ಯಾರೆಂಬುದನ್ನು, ಚಿತ್ರ ನೋಡದ ಓದುಗರಿಗಾಗಿ, ಇಲ್ಲಿ ಹೇಳುವುದಿಲ್ಲ. ಕನಸು ಅವನ ಕೈಮೀರಿದ್ದು. ಆದರೂ ವ್ಯವಹಾರದಲ್ಲಿ ತಾನೇ ಆಡಿದ ಸುಳ್ಳನ್ನು ಅಳೆಯುವ ಅಳತೆಗೋಲಿನಿಂದಲೇ ಅವನು ಅದನ್ನೂ ಅಳೆಯುತ್ತಾನೆ. ಮುಹರ್ರೆಮ್ ಪಾತ್ರದ ಎರ್ಕಾನ್ ಜಾನ್ ಅವರ ಅಭಿನಯದ ಶಕ್ತಿಯಿರುವುದು ಈ ಎಡೆಬಿಡದ ಆತ್ಮವಿಚಾರಣೆಯಲ್ಲಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪಾಪದ ಗಾತ್ರ ಅವನನ್ನು ಮುರಿಯುವುದಿಲ್ಲ. ತನ್ನನ್ನು ಕೆಡಿಸುತ್ತಿರುವ ಕೆಲಸದ ಬಗ್ಗೆ ಅವನು ಮನಬಿಚ್ಚಿ ಹೇಳಿಕೊಳ್ಳಬಹುದಾದ ಏಕೈಕ ವ್ಯಕ್ತಿಯೆಂದರೆ, ಆ ಕೆಲಸವನ್ನು ವಹಿಸಿದ ಶೇಖ್.