ಏರ್ ಬ್ರೇಕ್ ಬಿಟ್ಟರೆ ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ ಬೇಗ ಮುಗಿಯುತ್ತಾ? ಶ್ವಾಸಕೋಶ ಕೆಡುತ್ತಾ?

ಗಾಯ ಮಾಯಲಿ ಅಂತ ನಿಮಗೆ ವಾತಾವರಣದ 2.4 ಪಟ್ಟು ಒತ್ತಡದಲ್ಲಿ ದಿನಾ 90 ನಿಮಿಷ ಆಕ್ಸಿಜನ್ ಕೊಡುತ್ತಿದ್ದಾರೆ. ನಡುವೆ ಮಾಸ್ಕ್ ತೆಗೆಸಿ ಮಾಮೂಲಿ ಗಾಳಿ ಕೊಡುವ ಐದೈದು ನಿಮಿಷ, ಅಂದರೆ ಏರ್ ಬ್ರೇಕ್, ಸುಮ್ನೆ ದಂಡ, ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಲ್ಲ. ನಾನು ಬಿಟ್ಟು ನೋಡಿದವನು.

ನಾನು ಡೈವರ್. ನೀರಿನಿಂದ ಮೇಲೆ ಬಂದಮೇಲೆ ಬೆಂಡ್ಸ್ (ಒತ್ತಡ ಇಳಿದಾಗ ಮೈಯೊಳಗೆ ಗಾಳಿಗುಳ್ಳೆ ಏಳುವ ಕಾಯಿಲೆ) ಆಗಿ ಎಡಗಾಲು ಜೋಮು ಹಿಡಿದುಬಿಟ್ಟಿತು. ಒತ್ತಡ ಏರಿಸುವ ಚೇಂಬರಿಗೆ ಹಾಕಿದರು. ಮೊದಲ ದಿನ 2.8 ಪಟ್ಟು ಒತ್ತಡದಿಂದ ಶುರು. 20 ನಿಮಿಷ ಆಕ್ಸಿಜನ್, 5 ನಿಮಿಷ ಮಾಸ್ಕ್ ಇಳಿಸಿ ಚೇಂಬರಿನ ಮಾಮೂಲಿ ಗಾಳಿ, ಮತ್ತೆ ಆಕ್ಸಿಜನ್. ಆಮೇಲೆ ಒತ್ತಡ ಇಳಿಸಿ ಇನ್ನಷ್ಟು ಹೊತ್ತು. ಈ ಟೇಬಲ್, ಅಂದರೆ ಚಿಕಿತ್ಸೆಯ ವೇಳಾಪಟ್ಟಿ, ಇದ್ದ ಹಾಗೇ ಮುಗಿದರೂ ಹತ್ತಿರ ಹತ್ತಿರ ಐದು ಗಂಟೆ. ನನ್ನ ಕಾಲು ಸರಿಹೋಗಲಿಲ್ಲ ಅಂತ ಇನ್ನೂ ಉದ್ದ ಮಾಡಿದರು. ಮರುದಿನದಿಂದ ದಿನಾ ಸಣ್ಣ ಸೆಷನ್.

ನಾನು ಹಾಕಿದ ಲೆಕ್ಕ ನಿಮ್ಮದೇ. ಆಕ್ಸಿಜನ್ ಔಷಧಿ, ಹಾಗಾದರೆ ಮಾಸ್ಕ್ ಇಳಿಸಿದ ಪ್ರತಿ ನಿಮಿಷವೂ ಔಷಧಿ ನಷ್ಟ ಅಲ್ವಾ? ಒಳಗಿದ್ದ ಅಟೆಂಡೆಂಟ್ "ಬ್ರೇಕ್" ಅಂದ ಕೂಡಲೇ ಎಲ್ಲರ ಎದುರಿಗೆ ಮಾಸ್ಕ್ ಇಳಿಸುತ್ತಿದ್ದೆ. ಅವರು ಪಕ್ಕದವರಿಗೆ ನೀರು ಕೊಡಲು ತಿರುಗಿದರೆ ಗೋಡೆ ಕಡೆ ಮಗ್ಗುಲಾಗಿ ಮತ್ತೆ ಹಾಕಿಕೊಳ್ಳುತ್ತಿದ್ದೆ, ನಿದ್ದೆ ಬಂದವನ ಹಾಗೆ. ಕಾಲಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಯಾರೂ ಹೇಳಿಕೊಟ್ಟಿದ್ದಲ್ಲ, ನನ್ನದೇ ಬುದ್ಧಿ.

ನನಗೆ ಗೊತ್ತಿಲ್ಲದೇ ಇದ್ದಿದ್ದು ಏನು ಅಂದರೆ, ಆ ಐದು ನಿಮಿಷದಲ್ಲೂ ಚಿಕಿತ್ಸೆ ನಡೀತಾ ಇರುತ್ತದೆ. ಚೇಂಬರಿನ ಒತ್ತಡ ಇಳಿದಿರುವುದಿಲ್ಲ. ಇಳಿಯುವುದು ಆಕ್ಸಿಜನ್ನಿನ ಪಾಲು ಮಾತ್ರ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21 ಭಾಗ. 2.4 ಪಟ್ಟು ಒತ್ತಡದಲ್ಲಿ ಅದು ಸುಮಾರು ಅರ್ಧ ವಾತಾವರಣದಷ್ಟಾಗುತ್ತದೆ. ಆ ಅರ್ಧವೇ ಗಡಿ. ಅದರ ಕೆಳಗೆ ಶ್ವಾಸಕೋಶ ಎಷ್ಟೋ ದಿನ ತಡೆದುಕೊಳ್ಳುತ್ತದೆ, ಅದಕ್ಕೇ ದಿನಗಟ್ಟಲೆ ಒತ್ತಡದಲ್ಲೇ ವಾಸ ಮಾಡುವ ಸ್ಯಾಚುರೇಶನ್ ಡೈವರ್‌ಗಳ ವಾಸದ ಚೇಂಬರಿನಲ್ಲಿ ಆಕ್ಸಿಜನ್ನನ್ನು ಸಾಮಾನ್ಯವಾಗಿ ಆ ಗಡಿ ದಾಟಲು ಬಿಡುವುದಿಲ್ಲ. ಗಡಿ ದಾಟಿದರೆ ಗಡಿಯಾರ ಓಡಲು ಶುರು. ಮಾಮೂಲಿ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಬಿಡದೆ ಎಳೆದರೆ ಆರೋಗ್ಯವಂತರಿಗೆ ಸುಮಾರು 12ರಿಂದ 16 ಗಂಟೆಗೆ ಎದೆಮೂಳೆಯ ಹಿಂದೆ ಉರಿ ಕಾಣಿಸಬಹುದು. ಎರಡು ಪಟ್ಟು ಒತ್ತಡದಲ್ಲಾದರೆ ಮೂರು ಗಂಟೆಗೇ ಶುರುವಾಗಬಹುದು. ಜಾಸ್ತಿ ಆಕ್ಸಿಜನ್ನಿನಿಂದ ಹುಟ್ಟುವ ಸೂಪರ್ ಆಕ್ಸೈಡ್‌ನಂಥ ಕಣಗಳು ಗಾಳಿಚೀಲಗಳ ಮತ್ತು ಅವುಗಳ ಸುತ್ತಲಿನ ಸಣ್ಣ ರಕ್ತನಾಳಗಳ ತೆಳು ಪದರವನ್ನು ಕೆರಳಿಸುತ್ತವೆ. ನೀರು ಜಿನುಗುತ್ತದೆ, ಊತ ಬರುತ್ತದೆ. ಬ್ರೇಕ್ ಕೊಟ್ಟರೆ ಈ ಕೆಡುಕು ಶುರುವಾಗುವುದು ತಡವಾಗುತ್ತದೆ. ಇಷ್ಟು ಒತ್ತಡದಲ್ಲಿ ಫಿಟ್ಸ್ ಬರುವ ಭಯವೂ ಇದೆ. ಬ್ರೇಕ್ ಇರುವುದು ಅದಕ್ಕೂ ಸೇರಿ. ಫಿಟ್ಸ್ ವಿಷಯವನ್ನು ವಿಜ್ಞಾನಿ ಪಾಲ್ ಬರ್ಟ್ 1878ರಲ್ಲೇ ಬರೆದಿದ್ದ, ಶ್ವಾಸಕೋಶದ ವಿಷಯವನ್ನು ಇನ್ನೊಬ್ಬ ವಿಜ್ಞಾನಿ ಲೊರೇನ್ ಸ್ಮಿತ್ 1899ರಲ್ಲಿ. ನಾನು ಮಾಸ್ಕ್ ಕದ್ದು ಹಾಕಿಕೊಳ್ಳುವ ಹೊತ್ತಿಗೆ ಇದು ಶತಮಾನದಷ್ಟು ಹಳೇ ಸುದ್ದಿ!

ಮಾಸ್ಕಿಗಿಂತ ದೊಡ್ಡ ಎಡವಟ್ಟು ಆಮೇಲಿನದು. ಮೊದಲು ಬಂದಿದ್ದು ಬರೀ ಕಚಗುಳಿ. ಕತ್ತಿನ ಕೆಳಗಿನ ಗುಳಿ ಇದೆಯಲ್ಲ, ಅದರ ಹಿಂದೆ, ಎದೆಮೂಳೆಯ ಒಳಗಡೆ. ಮಾಮೂಲಿ ಉಸಿರಿಗೆ ಏನೂ ಇಲ್ಲ. ಉಸಿರು ಪೂರ್ತಿ ಎಳೆದಾಗ, ಕೊನೆಗೆ ಬಂದಾಗ ಮಾತ್ರ ಚುರುಕ್ ಅನ್ನುತ್ತಿತ್ತು. ಚೇಂಬರಿನ ಗ್ಯಾಸ್ ಒಣಗಿರುತ್ತದೆ, ಗಂಟಲು ಒಣಗಿದೆ ಅಂತ ನೀರು ಕುಡಿದೆ. ಆಮೇಲೆ ಆಕಳಿಕೆ ಅರ್ಧಕ್ಕೇ ನಿಲ್ಲಲು ಶುರುವಾಯಿತು. ನಕ್ಕರೆ ಒಣಕೆಮ್ಮು, ಕಫ ಇಲ್ಲ. ದಿನಾ ಬೆಳಿಗ್ಗೆ ಡಾಕ್ಟರು "ಎದೆಯಲ್ಲಿ ಏನಾದರೂ ಇದೆಯಾ?" ಅಂತ ಕೇಳುತ್ತಿದ್ದರು. "ಏನಿಲ್ಲ ಸಾರ್" ಅನ್ನುತ್ತಿದ್ದೆ. ಇದೆ ಅಂದರೆ ನಿಲ್ಲಿಸುತ್ತಾರೆ, ಕಾಲು ಹೀಗೇ ಉಳಿಯುತ್ತದೆ ಅನ್ನೋ ಭಯ. ಕೆಮ್ಮು ಬರದಿರಲಿ ಅಂತ ಮೇಲುಮೇಲೆ ಉಸಿರಾಡುವುದನ್ನೂ ಕಲಿತೆ.

ಸಿಕ್ಕಿಬಿದ್ದಿದ್ದು ಉಸಿರು ಅಳೆಯುವ ಸ್ಪೈರೋಮೀಟರ್ ಎದುರು. ಎದೆ ತುಂಬ ಉಸಿರು ತಗೊಂಡು ಊದಬೇಕು, ತುಂಬುವಷ್ಟರಲ್ಲೇ ಕೆಮ್ಮಿಬಿಟ್ಟೆ. ಮತ್ತೆ ಊದಿಸಿದರು, ಮತ್ತೆ ಕೆಮ್ಮು. ಡೈವಿಂಗ್ ಮೆಡಿಕಲ್‌ನ ಹಳೇ ವೈಟಲ್ ಕೆಪ್ಯಾಸಿಟಿ (ಎದೆ ತುಂಬ ಎಳೆದು ಪೂರ್ತಿ ಹೊರಬಿಡುವ ಉಸಿರಿನ ಅಳತೆ) ಫೈಲಿನಲ್ಲೇ ಇತ್ತು. ಪಕ್ಕದಲ್ಲಿಟ್ಟು ನೋಡಿದರೆ ಹೊಸದು ಎದ್ದು ಕಾಣುವಷ್ಟು ಕಡಿಮೆ. ಚಿಕಿತ್ಸೆ ಅಲ್ಲಿಗೇ ನಿಂತಿತು. ಮೊದಲ ದಿನವೇ ಕಚಗುಳಿ ಅಂದಿದ್ದರೆ ಒಂದೆರಡು ದಿನ ಬಿಡುವು ಕೊಟ್ಟು ಮುಂದುವರಿಸುತ್ತಿದ್ದರು ಅಂತ ಡಾಕ್ಟರೇ ಹೇಳಿದರು. ಯಾವುದಕ್ಕೆ ಹೆದರಿ ಸುಳ್ಳು ಹೇಳಿದೆನೋ ಅದೇ ಆಯಿತು. ಶ್ವಾಸಕೋಶ ಕೆಲವು ವಾರದಲ್ಲಿ ಮೊದಲಿನಂತಾಯಿತು. ಆದರೆ ಫಿಟ್‌ನೆಸ್ ಸರ್ಟಿಫಿಕೇಟ್ ತಡೆಹಿಡಿದರು, ಆ ಸೀಸನ್ನಿನ ಕೆಲಸ ಪೂರ್ತಿ ಕೈಬಿಟ್ಟಿತು. ಎಡಗಾಲಿನ ಕಿರುಬೆರಳು ಇವತ್ತಿಗೂ ಮಂಕು.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಶ್ವಾಸಕೋಶ ಕೆಡುತ್ತಾ ಅಂತ ಹೆದರುತ್ತೀರಿ, ಅದನ್ನು ಕಾಯುವ ಬ್ರೇಕೇ ಬೇಡ ಅನ್ನುತ್ತೀರಿ! "40 ಸೆಷನ್ ಆದರೆ ಶ್ವಾಸಕೋಶ ಎಷ್ಟು ಪರ್ಸೆಂಟ್ ಹೋಗುತ್ತೆ" ಅಂತ ಒಟ್ಟು ಕೂಡಿಸುವುದೂ ತಪ್ಪು ಲೆಕ್ಕ. ಡೈವಿಂಗಿನಲ್ಲಿ ನಾವು ಬಳಸುವ ಅಳತೆಯಲ್ಲಿ, ಮಾಮೂಲಿ ಒತ್ತಡದಲ್ಲಿ ಒಂದು ನಿಮಿಷದ ಶುದ್ಧ ಆಕ್ಸಿಜನ್ ಒಂದು ಯೂನಿಟ್. ಬಿಡದೆ 615 ಯೂನಿಟ್ ಆದರೆ ವೈಟಲ್ ಕೆಪ್ಯಾಸಿಟಿ ಸರಾಸರಿ 2 ಪರ್ಸೆಂಟ್ ಇಳಿಯುತ್ತದೆ, 1425 ಆದರೆ 10 ಪರ್ಸೆಂಟ್. ನನ್ನ ಮೊದಲ ದಿನದ ಟೇಬಲ್ ಒಂದೇ, ಉದ್ದ ಮಾಡುವ ಮುಂಚೆಯೇ, 600 ದಾಟುತ್ತದೆ. ನಿಮ್ಮ 90 ನಿಮಿಷ ಸುಮಾರು 270 ಅಷ್ಟೇ. ಆಮೇಲೆ ಮರುದಿನದವರೆಗೆ ಬಿಡುವು. ಇದು ಸರಾಸರಿ ಮಾತು. ಒಬ್ಬರಿಗೆ ತಡೆದಿದ್ದು ಇನ್ನೊಬ್ಬರಿಗೆ ತಡೆಯುವುದಿಲ್ಲ, ಆದ್ದರಿಂದ ಲೆಕ್ಕಕ್ಕಿಂತ ನಿಮ್ಮ ಕೆಮ್ಮನ್ನು ನಂಬಿ.

ಒತ್ತಡ ಕಡಿಮೆ ಮಾಡಿಸಿಕೊಳ್ಳಲಾ ಅಂದಿರಿ. ಬೇಡ, ಅದು ಗಾಯ ನೋಡಿದವರು ತೀರ್ಮಾನಿಸಿದ್ದು, ಚೌಕಾಶಿ ಮಾಡುವ ವಿಷಯವಲ್ಲ. ವಿಟಮಿನ್ ಮಾತ್ರೆ ಬ್ರೇಕಿನ ಬದಲಿಗೆ ಬರುವುದಿಲ್ಲ. ಸ್ಪೈರೋಮೆಟ್ರಿ ಮಾತ್ರ ಈಗಲೇ ಒಂದು ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಹೋಲಿಸಲು ಹಳೇ ಅಂಕಿ ಬೇಕಲ್ಲ. ಯಾವಾಗಲಾದರೂ ಕ್ಯಾನ್ಸರಿಗೆ ಬ್ಲಿಯೋಮೈಸಿನ್ ತಗೊಂಡಿದ್ದರೆ, ಮನೆಯಲ್ಲೂ ಕಾನ್ಸಂಟ್ರೇಟರ್‌ನಿಂದ ಆಕ್ಸಿಜನ್ ಎಳೆಯುತ್ತಿದ್ದರೆ, ಕೇಳದಿದ್ದರೂ ಹೇಳಿ.

ಕೆಮ್ಮು ಇದ್ದರೆ ಬಾಗಿಲು ಹಾಕುವ ಮುಂಚೆಯೇ ಹೇಳಿ. ಒಳಗೆ ಶುರುವಾದರೆ ಅಟೆಂಡೆಂಟ್‌ಗೆ ಕೈಸನ್ನೆ ಮಾಡಿ. ಮುಖ್ಯವಾಗಿ, ಒತ್ತಡ ಇಳಿಸುವಾಗ ಕೆಮ್ಮು ತಡೆಯಲು ಉಸಿರು ಬಿಗಿಹಿಡಿಯಲೇಬೇಡಿ. ಆಗ ಒಳಗಿನ ಗಾಳಿ ಹಿಗ್ಗುತ್ತಿರುತ್ತದೆ, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಶ್ವಾಸಕೋಶವೇ ಹರಿಯಬಹುದು. ಕೆಮ್ಮಿಬಿಡಿ, ಇಳಿಸುವುದನ್ನು ಅವರು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ.