ಎರೆ ಹೊಲದ ಮೇಲೆ ಮನೆ: ಆಳಂದ ರಸ್ತೆಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯ ಗುರುಗಳೇ,

ಕಲಬುರಗಿಯ ಆಳಂದ ರಸ್ತೆಯಲ್ಲಿ ರಿಂಗ್ ರೋಡ್ ದಾಟಿದ ಮೇಲೆ ಸಿಗುವ ಬಡಾವಣೆಯಿಂದ ತಾವು ಬರೆದ ಐದು ಪುಟಗಳ ಪತ್ರ ತಲುಪಿದೆ. ನಿವೃತ್ತಿಯ ಹಣದಲ್ಲಿ ಮೂವತ್ತು-ನಲವತ್ತರ ಪ್ಲಾಟ್ ಕೊಂಡು ಮನೆ ಕಟ್ಟಿಸಿ ಆರು ವರ್ಷವಾಯಿತು, ಮೂರನೆಯ ವರ್ಷಕ್ಕೇ ಗೋಡೆ ಸೀಳಿತು, ಮಳೆಗಾಲದಲ್ಲಿ ಟಂಟಂನವರು ಡಾಂಬರು ಮುಗಿದಲ್ಲೇ ಇಳಿಸಿ ಹೋಗುತ್ತಾರೆ, ಸುಗ್ಗಿ ಬಂದರೆ ಹಳ್ಳಿಯವರು ನಮ್ಮ ರಸ್ತೆಯ ಮೇಲೆಯೇ ತೊಗರಿ ರಾಶಿ ಮಾಡುತ್ತಾರೆ ಎಂದು ಬರೆದಿದ್ದೀರಿ. ಕಳೆದ ಸಂಚಿಕೆಯ ನಮ್ಮ ಲೇಖನವು ಇಂಥ ಬಡಾವಣೆಗಳನ್ನು ಹಾಡಿ ಹೊಗಳಿದ್ದಕ್ಕೆ, ‘ಬರೆದವರು ಶ್ರಾವಣದಲ್ಲೊಮ್ಮೆ ನಮ್ಮ ಮನೆಗೆ ಚಹಾಕ್ಕೆ ಬರಲಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬರಬೇಕಾಗುತ್ತದೆ’ ಎಂದು ಚುಚ್ಚಿದ್ದೀರಿ. ಕೊನೆಗೆ, ಇದನ್ನು ಮಾರಿ ಮತ್ತೆ ಬ್ರಹ್ಮಪುರದ ಬಾಡಿಗೆ ಮನೆಗೇ ಹೋಗಲೇ ಎಂದು ಕೇಳಿದ್ದೀರಿ.

ಲೇಖನದ ವಿಷಯದಲ್ಲಿ ತಪ್ಪು ನಮ್ಮದೇ. ಅದನ್ನು ಬರೆದದ್ದು ಜನವರಿಯಲ್ಲಿ, ಜೋಳ ತೆನೆ ಕಟ್ಟಿ ನೆಲ ಬಿಗಿಯಾಗಿರುವ ಕಾಲದಲ್ಲಿ. ಆ ಒಂದು ತಿಂಗಳು ನೋಡಿದವರಿಗೆ ನಮ್ಮ ಜಿಲ್ಲೆಯ ಯಾವ ಹೊಲವೂ ಸ್ವರ್ಗವೇ. ನಾನೂ ಹುಮನಾಬಾದ್ ರಸ್ತೆಯ ಆಚೆ ಇಂಥದೇ ಬಡಾವಣೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದವನು. ಆದರೂ ಆ ಲೇಖನವನ್ನು ಕೈಬಿಡದೆ ಅಚ್ಚಿಗೆ ಕಳಿಸಿದೆ.

ಆದರೆ ತಮ್ಮ ಪತ್ರದ ದೂರುಗಳನ್ನು ತಾವು ಬೇರೆ ಬೇರೆಯಾಗಿ ಬರೆದಿದ್ದರೂ ಅವೆಲ್ಲದರ ಬೇರು ಒಂದೇ ಎಂದು ನನಗೆ ಅನಿಸುತ್ತದೆ: ಅದು ತಮ್ಮ ಮನೆಯ ಕೆಳಗಿರುವ ಎರೆ, ಅಂದರೆ ಕಪ್ಪು ಮಣ್ಣು. ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಸವೆದು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು; ಅದು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ತೆನೆ ಬರುವುದು ಈ ಮಣ್ಣು ಹಿಡಿದಿಟ್ಟುಕೊಂಡ ಹಸಿಯಿಂದಲೇ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಗುಲಬರ್ಗಾ ತೊಗರಿ ಬೇಳೆ ಬೆಳೆಯುವುದೂ ಇಂಥ ಹೊಲಗಳಲ್ಲೇ. ಬೆಳೆಗೆ ವರವಾದ ಈ ಗುಣವೇ ಗೋಡೆಗೆ ಕಂಟಕ. ನಾನಿದ್ದ ಬಡಾವಣೆಯ ಪಕ್ಕದ ಹಳ್ಳಿಯ ಹಿರಿಯರೊಬ್ಬರು ‘ಈ ಹೊಲದಾಗ ಮಳಿಗಾಲಕ್ಕ ಬಂಡಿ ಹುಗೀತಾವ, ಮನಿ ಹ್ಯಾಂಗ ನಿಂದ್ರತಾವ್ರಿ’ ಎಂದು ನಕ್ಕಿದ್ದರು. ಅವರ ಊರು ಇದ್ದದ್ದು ಗಟ್ಟಿ ಮೊರಂ ದಿನ್ನೆಯ ಮೇಲೆ. ತಮ್ಮ ಪಕ್ಕದ ಹಳ್ಳಿಯ ಹಳೆಯ ಮನೆಗಳು ಎಲ್ಲಿವೆ ಎಂದು ಒಮ್ಮೆ ನೋಡಿ ಬನ್ನಿ.

ಈ ಹೊಲಗಳು ಪ್ಲಾಟ್ ಆದದ್ದು ಹೇಗೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹೆಸರು ಹೇಳಿ ಆಳಂದ ರಸ್ತೆಯಲ್ಲಿ, 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ದಿಕ್ಕಿನಲ್ಲಿ, ಕಲ್ಲು ನೆಟ್ಟು ಸುಣ್ಣ ಬಳಿದು ಮಾರಿದರು. ಪ್ಲಾಟ್ ಮಾರುವವರು ನೀರು, ಕರೆಂಟು, ದೇವಸ್ಥಾನ ಎಲ್ಲದರ ಮಾತು ಆಡುತ್ತಾರೆ. ಮಣ್ಣಿನ ಮಾತು ಆಡಿದವರನ್ನು ನಾನು ಕಂಡಿಲ್ಲ.

ಹಾಗಾಗಿ ಮಾರುವ ಯೋಚನೆಗೆ ಮೊದಲು ಒಂದು ವರ್ಷ ಗೋಡೆಯನ್ನು ಗಮನಿಸಿ ಎಂದು ಕೇಳಿಕೊಳ್ಳುತ್ತೇನೆ. ಸೀಳಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ, ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಅಗಲವನ್ನು ಅಳೆಯಿರಿ. ಕಾಲಕ್ಕೆ ತಕ್ಕಂತೆ ಅದು ತೆರೆದು ಮುಚ್ಚುತ್ತಿದ್ದರೆ ದೋಷ ಮಣ್ಣಿನದು. ವರ್ಷವಿಡೀ ಬೆಳೆಯುತ್ತಲೇ ಇದ್ದರೆ ತಡಮಾಡದೆ ಎಂಜಿನಿಯರನ್ನು ಕರೆಸಬೇಕು. ಮಣ್ಣಿನದಾದರೆ ಬುನಾದಿಯ ಸುತ್ತಲಿನ ಹಸಿ ಒಂದೇ ಸಮ ಇರುವಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯ. ಮನೆಯ ಸುತ್ತ ಮೂರು-ನಾಲ್ಕು ಅಡಿ ಅಗಲಕ್ಕೆ ಶಹಾಬಾದ್ ಕಲ್ಲನ್ನು ಹೊರಗೆ ಇಳಿಜಾರು ಬರುವಂತೆ ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಕೊಳವೆಯಲ್ಲಿ ದೂರ ಸಾಗಿಸಿ. ಅಡುಗೆಮನೆಯ ಗೋಡೆಗೆ ತಾಗಿಯೇ ಇದೆ ಎಂದು ಬರೆದಿರುವ ಇಂಗುಗುಂಡಿಯನ್ನು ಮುಚ್ಚಿಸಿ; ಜೇಡಿಯಲ್ಲಿ ನೀರು ಇಂಗುವುದೇ ಕಡಿಮೆ, ನಿಂತದ್ದೆಲ್ಲ ಬುನಾದಿಯತ್ತ ಸರಿಯುತ್ತದೆ. ಗೋಡೆಗೆ ಹತ್ತಿರ ನೆಟ್ಟ ಬೇವಿನ ಮಾತು ಹೇಳಲು ನನಗೂ ಸಂಕಟ, ಆದರೆ ಅದು ದೊಡ್ಡದಾದಂತೆ ಬೇಸಿಗೆಯಲ್ಲಿ ಬುಡದ ಹಸಿಯನ್ನೆಲ್ಲ ಹೀರುತ್ತದೆ. ಇನ್ನೂ ಮನೆ ಕಟ್ಟದ ನೆರೆಯವರಿಗೆ ಒಂದು ಮಾತು ಹೇಳಿ: ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಇಲ್ಲವೇ ಎರೆಗೆಂದೇ ಮಾಡುವ ಬುಡ ಅಗಲವಾದ ಪೈಲ್ ಬುನಾದಿ ಹಾಕಿಸಬೇಕು. ಆ ಖರ್ಚು ಆಮೇಲಿನ ದುರಸ್ತಿಗಿಂತ ಕಡಿಮೆ.

ರಸ್ತೆಯ ಮೇಲಿನ ರಾಶಿಯ ವಿಷಯದಲ್ಲಿ ಮಾತ್ರ ನಾನು ತಮ್ಮ ಪಕ್ಷವಲ್ಲ. ತೊಗರಿ ಕಟ್ಟಿಗೆಯ ಮೇಲೆ ಬೈಕ್ ಜಾರುತ್ತದೆ, ಹೊಟ್ಟಿನ ಧೂಳು ಮನೆಯೊಳಗೆ ಬರುತ್ತದೆ, ನಿಜ. ಆದರೆ ಅವರ ಕಣ ಇದ್ದದ್ದು ಬಹುಶಃ ಈಗ ತಮ್ಮ ಬಡಾವಣೆ ಇರುವಲ್ಲೇ; ಬಂಡಿ ದಾರಿಯನ್ನು ಮುಚ್ಚಿದ್ದು ತಮ್ಮದೇ ಕಾಂಪೌಂಡ್ ಎಂದು ತಾವೇ ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಪತ್ರದಲ್ಲಿ ‘ಹಳ್ಳಿಯವರು’ ಎಂಬ ಮಾತು ಒಂಬತ್ತು ಸಲ ಬಂದಿದೆ (ಎಣಿಸಿದ್ದಕ್ಕೆ ಕ್ಷಮೆಯಿರಲಿ), ಅವರಲ್ಲಿ ಒಬ್ಬರ ಹೆಸರೂ ಬಂದಿಲ್ಲ. ಉದ್ಯಾನಕ್ಕೆಂದು ಬಿಟ್ಟು ಈಗ ಜಾಲಿ ಬೆಳೆದಿರುವ ಜಾಗವನ್ನು ಸ್ವಚ್ಛ ಮಾಡಿಸಿ, ಡಿಸೆಂಬರ್-ಜನವರಿಯಲ್ಲಿ ಕಣಕ್ಕೆ ಬಳಸಿಕೊಳ್ಳಿ ಎಂದು ಕೇಳಿ ನೋಡಬಹುದಲ್ಲವೇ?

ಮಣ್ಣಿನ ರಸ್ತೆ ಯಾರ ಹೊಣೆ ಎಂಬ ಪ್ರಶ್ನೆಗೆ ಕಾಗದ ನೋಡದೆ ಉತ್ತರಿಸಲಾಗದು. 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಡಿ ಹೊಲ ‘ಎನ್.ಎ.’ (ಕೃಷಿಯೇತರ ಜಮೀನು) ಆಗುವುದು ಬೇರೆ, ಬಡಾವಣೆಯ ನಕ್ಷೆ ಮಂಜೂರಾಗುವುದು ಬೇರೆ, ರಸ್ತೆ-ಉದ್ಯಾನಗಳು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗುವುದು ಇನ್ನೂ ಬೇರೆ. ತಮ್ಮ ಕೈಯಲ್ಲಿರುವ ಪಂಚಾಯಿತಿಯ ಆಸ್ತಿ ದಾಖಲೆ ನಮೂನೆ 9 ಮತ್ತು 11-ಎಯೋ, ಇಲ್ಲವೇ 11-ಬಿಯೋ ಎಂದು ಮೊದಲು ನೋಡಿ. 11-ಬಿ ಆಗಿದ್ದರೆ ಬಡಾವಣೆಯ ಮಂಜೂರಾತಿಯಲ್ಲೇ ತೊಡಕಿರುವ ಸಾಧ್ಯತೆ ಹೆಚ್ಚು. ತೆರಿಗೆ ಪಂಚಾಯಿತಿಗೆ ಕಟ್ಟುತ್ತಿದ್ದೀರಿ, ಆದರೆ ‘ನಾವು ಸಿಟಿಯವರು’ ಎಂದು ಗ್ರಾಮ ಸಭೆಗೆ ಒಮ್ಮೆಯೂ ಹೋಗಿಲ್ಲ ಎಂದಿದ್ದೀರಿ. ಚರಂಡಿಯ ಮಾತು ಎತ್ತಬೇಕಾದ ಜಾಗ ಅದೇ. ಡಾಂಬರಿಗಿಂತ ಮೊದಲು ಚರಂಡಿಯನ್ನೇ ಕೇಳಿ. ನೀರು ಹೋಗಲು ದಾರಿಯಿಲ್ಲದ ಎರೆಯ ಮೇಲೆ ಹಾಕಿದ ಡಾಂಬರು ಹೆಚ್ಚು ದಿನ ಬಾಳುವುದಿಲ್ಲ.

ಚಹಾದ ಕರೆಯನ್ನು ಒಪ್ಪಿಕೊಂಡಿದ್ದೇನೆ. ಶ್ರಾವಣದ ಮೊದಲ ಭಾನುವಾರ ಲೇಖಕರನ್ನೂ ಕರೆದುಕೊಂಡು ಬರುತ್ತೇನೆ, ಡಾಂಬರು ಮುಗಿದಲ್ಲಿ ಇಳಿದು ನಡೆದೇ ಬರುತ್ತೇವೆ. ಗೋಡೆಯ ಗೆರೆಗಳನ್ನು ಅಷ್ಟರೊಳಗೆ ಎಳೆದಿಟ್ಟಿರಿ.

ಸಂಪಾದಕ