ಡೋಂಗಲ್ಲು ಡ್ರಾಯರ್‌ನಾಗೆ, ಸಹಿ ಯಾರ್ದು?

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಡಿಜಿಟಲ್ ಸಹಿ ಬಗ್ಗೆನೇ ಅದಾವೆ. ಜಮೀನಿನ ತಕರಾರು, ಚೆಕ್ ಬೌನ್ಸು ಇವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕಂಡೀನಿ, ಕಾಯ್ತಿರೋರು ಬೇಜಾರು ಮಾಡ್ಕೋಬೇಡ್ರಿ. ಹೆಸರು ಹಾಕಬೇಡಿ ಅಂತ ಎಲ್ರೂ ಬರ್ದಿದ್ರಿಂದ ಊರಷ್ಟೇ ಹಾಕೀನಿ.

ಪ್ರಶ್ನೆ: ಸಾರ್, ನಾನು ದಾವಣಗೆರೆನಾಗೆ ಒಬ್ಬ ಸೀನಿಯರ್ ವಕೀಲರ ಹತ್ರ ಜೂನಿಯರ್ ಆಗಿದೀನಿ, ನಮ್ ಸೀನಿಯರು ಇನ್ಮೇಲೆ ಆಫೀಸಲ್ಲಿ ಫೀಸಿನ ಕರಾರು, ನೋಟಿಸು, ಕಂಪನಿಯವರ ಅಗ್ರಿಮೆಂಟು ಎಲ್ಲಾ ಡಿಜಿಟಲ್ ಸಹಿ ಅಂತಾರೆ. ಅವರ ಸಹಿನ ಬಿಳಿ ಹಾಳೆ ಮೇಲೆ ಹಾಕ್ಸಿ, ಫೋಟೋ ಹೊಡ್ದು, ವರ್ಡ್ ಫೈಲಲ್ಲಿ ಅಂಟ್ಸಿ ಪಿಡಿಎಫ್ ಮಾಡಿ ಕಳಿಸ್ತಿದೀವಿ. ಇದು ಡಿಜಿಟಲ್ ಸಹಿನೇ ತಾನೆ? — ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಲ್ಲ ಕಣಪ್ಪ. ಅದು ಸಹಿಯ ಫೋಟೋ. ಆ ಫೋಟೋನ ನಾನು ನಿಮ್ಮ ಪಿಡಿಎಫ್ಫಿನಿಂದ ಕತ್ತರಿಸಿ ನನ್ನ ಸಾಲದ ಪತ್ರಕ್ಕೆ ಅಂಟಿಸ್ಕಂಡ್ರೆ ನಿಮ್ ಸೀನಿಯರು ನಂಗೆ ಜಾಮೀನು ನಿಂತಂಗಾಗತ್ತೆ, ಒಂದ್ಸಲ ಇದನ್ನ ಅವರಿಗೆ ತೋರ್ಸು, ಆವತ್ತೇ ನಿಲ್ಲಿಸ್ತಾರೆ.

ಕಾನೂನಿನ ಮಾತು ಹೇಳ್ತೀನಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಅದರ 3ನೇ ಕಲಂ ಡಿಜಿಟಲ್ ಸಹಿ ಬಗ್ಗೆ ಹೇಳತ್ತೆ, 2008ರ ತಿದ್ದುಪಡಿನಾಗೆ 3ಎ ಅಂತ ಸೇರಿಸಿ ಎಲೆಕ್ಟ್ರಾನಿಕ್ ಸಹಿಗೂ ಜಾಗ ಮಾಡಿದ್ರು, 5ನೇ ಕಲಂ ಇವೆರಡಕ್ಕೂ ಕೈ ಸಹಿಯಷ್ಟೇ ಮಾನ್ಯತೆ ಕೊಡತ್ತೆ. ಈಗ ನಮ್ಮ ಕಡೆ ಚಾಲ್ತಿನಾಗಿರೋದು ಎರಡು ಥರ. ಒಂದು ಯುಎಸ್‌ಬಿ ಟೋಕನ್ನು, ಎಲ್ರೂ ಡೋಂಗಲ್ ಅಂತಾರಲ್ಲ ಅದು, ಅದರೊಳಗೆ ಈ ಸಹಿ ಇಂಥೋರದ್ದೇ ಅಂತ ಹೇಳೋ ಕ್ಲಾಸ್ 3 ಸರ್ಟಿಫಿಕೇಟ್ ಇರತ್ತೆ (ಕ್ಲಾಸ್ 2 ಕೊಡೋದು 2021ರಿಂದ ನಿಂತೋಯ್ತು, ಯಾರಾದ್ರೂ ಕಡಿಮೆ ರೇಟಿಗೆ ಕ್ಲಾಸ್ 2 ಮಾಡಿಕೊಡ್ತೀನಿ ಅಂದ್ರೆ ಕೈ ಮುಗ್ದು ಕಳಿಸ್ರಿ). ಇನ್ನೊಂದು ಆಧಾರ್ ಇ-ಸೈನ್, ಮೊಬೈಲಿಗೆ ಓಟಿಪಿ ಬಂದು ಸಹಿ ಆಗೋದು. ಎರಡಕ್ಕೂ ಸರ್ಟಿಫಿಕೇಟ್ ಕೊಡೋ ಸಂಸ್ಥೆಗೆ ಕೇಂದ್ರ ಸರ್ಕಾರದ ಸಿಸಿಎ, ಅಂದ್ರೆ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಲೈಸೆನ್ಸ್ ಇರ್ಬೇಕು.

ಒಳಗೆ ಏನಾಗತ್ತೆ ಅಂದ್ರೆ, ಫೈಲಿನಾಗಿರೋದನ್ನೆಲ್ಲ ಲೆಕ್ಕ ಹಾಕಿ ಒಂದು ಉದ್ದನೆ ಸಂಖ್ಯೆ ತೆಗಿಯತ್ತೆ, ಅದಕ್ಕೆ ಹ್ಯಾಶ್ ಅಂತಾರೆ, ಆ ಸಂಖ್ಯೆಗೆ ಟೋಕನ್ ಒಳಗಿರೋ ಪ್ರೈವೇಟ್ ಕೀ, ಅಂದ್ರೆ ನಿಮ್ಮೊಬ್ಬರದ್ದೇ ಗುಟ್ಟಿನ ಕೀನಿಂದ ಬೀಗ ಜಡಿಯತ್ತೆ. ಎಲ್ರಿಗೂ ಸಿಗೋ ಪಬ್ಲಿಕ್ ಕೀ ಇಟ್ಕಂಡು ಯಾರ್ ಬೇಕಾದ್ರೂ ಬೀಗ ಸರಿಯಾಗೈತಾ ಅಂತ ನೋಡಬಹುದು, ಅದೇ ಥರ ಬೀಗ ಜಡಿಯೋದು ಮಾತ್ರ ಇನ್ನೊಬ್ಬರ ಕೈಲಾಗಲ್ಲ. ನಮ್ಮ ಎಪಿಎಂಸಿನಾಗೆ ಮೆಕ್ಕೆಜೋಳದ ಚೀಲ ತೂಗಿ ಬಾಯಿ ಹೊಲೀತಾರಲ್ಲ, ಅಲ್ಲಿ ಒಂದು ಬೊಗಸೆ ಕಾಳು ತೆಗೆದ್ರೂ ಕಾಟಾ ಗೊತ್ತು ಮಾಡದೆ ಇರಬಹುದು, ಇಲ್ಲಿ ಒಂದು ಅಲ್ಪವಿರಾಮ ಬದಲಾದ್ರೂ ಹ್ಯಾಶ್ ಪೂರ್ತಿ ಬೇರೆನೇ ಬರತ್ತೆ. ಐದು ಲಕ್ಷದ ಪಕ್ಕ ಒಂದು ಸೊನ್ನೆ ಸೇರ್ಸಿದ್ರೆ ಫೈಲ್ ತೆಗೆದ ತಕ್ಷಣ ಸಿಕ್ಕಿ ಬೀಳ್ತೀರಿ.

ಹಂಗಂತ ನೀವು ಇಷ್ಟು ದಿನ ಫೋಟೋ ಅಂಟಿಸಿ ಕಳ್ಸಿದ ಕರಾರೆಲ್ಲ ಕಸ ಅಂತ ಅಲ್ಲ. ಸಾಮಾನ್ಯವಾಗಿ ಕರಾರಿಗೆ ಸಹಿ ಇರಲೇಬೇಕು ಅಂತ 1872ರ ಕರಾರು ಕಾಯ್ದೆ ಹೇಳಲ್ಲ, ಇಮೇಲ್ ಮಾತುಕತೆನಾಗೇ ಕರಾರು ಆಗೈತೆ ಅಂತ ಸುಪ್ರೀಂ ಕೋರ್ಟು 2010ರಲ್ಲಿ ಟ್ರೈಮೆಕ್ಸ್ ಮತ್ತೆ ವೇದಾಂತ ಕೇಸಿನಾಗೆ ಹೇಳೈತೆ. ಕಷ್ಟ ಬರೋದು ಎದುರುದಾರ ‘ಇದು ನನ್ನ ಸಹಿ ಅಲ್ಲ’ ಅಂದಾಗ. ಸರಿಯಾದ ಡಿಜಿಟಲ್ ಸಹಿ ಇದ್ರೆ ಸರ್ಟಿಫಿಕೇಟೇ ನಿಮ್ಮ ಪರ ಮಾತಾಡತ್ತೆ, ಫೋಟೋ ಆದ್ರೆ ಯಾವ ಫೋನಿಂದ ಬಂತು, ಯಾರು ಕಳ್ಸಿದ್ರು, ಎಲ್ಲಾ ನೀವೇ ಸಾಬೀತು ಮಾಡ್ಬೇಕು.

ಪ್ರಶ್ನೆ: ವಕೀಲ್ರೆ ನಮಸ್ಕಾರ. ನಮ್ದು ಚಳ್ಳಕೆರೆನಾಗೆ ಎಣ್ಣೆ ಮಿಲ್ಲು. ಬೆಂಗಳೂರಿನ ಪಾರ್ಟಿಯವರು ಸಪ್ಲೈ ಅಗ್ರಿಮೆಂಟಿಗೆ ಡಿಜಿಟಲ್ ಸಹಿ ಹಾಕಿ ಕಳ್ಸಿದ್ರು. ಕಂಪ್ಯೂಟರ್‌ನಾಗೆ ತೆಗೆದ್ರೆ ಸಹಿ ಮೇಲೆ ಹಳದಿ ಪ್ರಶ್ನೆ ಚಿಹ್ನೆ ಬಂದು ವ್ಯಾಲಿಡಿಟಿ ಅನ್‌ನೋನ್ ಅನ್ನತ್ತೆ. ನಮ್ ರೈಟರು ಇದು ಡೂಪ್ಲಿಕೇಟು ಅಂತಾರೆ. ಪ್ರಿಂಟ್ ತೆಗೆಸಿ ಫೈಲಿಗೆ ಹಾಕೀವಿ, ಏನು ಮಾಡೋದು? — ಚಳ್ಳಕೆರೆ

ಉತ್ತರ: ಅಷ್ಟಕ್ಕೇ ಡೂಪ್ಲಿಕೇಟ್ ಅನ್ನಕ್ಕಾಗಲ್ಲ, ನಿಮ್ಮ ಕಂಪ್ಯೂಟರಿಗೆ ಆ ಸಹಿದಾರನ ಪರಿಚಯ ಇಲ್ಲ ಅಂತ ಅಷ್ಟೇ ಅರ್ಥ. ಅಡೋಬಿ ರೀಡರ್‌ಗೆ ನಮ್ಮ ದೇಶದ ಸಿಸಿಎ ಮೂಲ ಸರ್ಟಿಫಿಕೇಟ್ ನಂಬಬಹುದು ಅಂತ ಒಂದ್ಸಲ ಹೇಳಿಕೊಡ್ಬೇಕು. ಸಹಿ ಮೇಲೆ ರೈಟ್ ಕ್ಲಿಕ್ ಮಾಡಿ ಸಿಗ್ನೇಚರ್ ಪ್ರಾಪರ್ಟೀಸ್‌ಗೆ ಹೋಗ್ರಿ, ಅಲ್ಲಿ ಸರ್ಟಿಫಿಕೇಟ್ ತೋರ್ಸು ಅಂತ ಒತ್ತಿದ್ರೆ ಮೇಲಿಂದ ಕೆಳಗೆ ವಂಶಾವಳಿ ಥರ ಹೆಸರುಗಳು ಕಾಣ್ತಾವೆ, ತುದಿನಾಗೆ ಸಿಸಿಎ ಇಂಡಿಯಾ ಅಂತ ಇರ್ಬೇಕು. ಅದನ್ನ ಆರಿಸಿ ಟ್ರಸ್ಟ್ ಅನ್ನೋ ಕಡೆ ಸೇರ್ಸಿ ಮತ್ತೆ ವ್ಯಾಲಿಡೇಟ್ ಮಾಡಿದ್ರೆ, ಸಹಿ ಸರಿ ಇದ್ರೆ ಹಸಿರು ಟಿಕ್ ಬರತ್ತೆ. ತುದಿನಾಗೆ ಬೇರೆ ಯಾವ್ದೋ ಹೆಸರು ಇದ್ರೆ ಮಾತ್ರ ಅದನ್ನ ನಂಬಕ್ಕೆ ಹೋಗಬೇಡ್ರಿ, ಮೊದ್ಲು ಆ ಪಾರ್ಟಿಗೆ ಫೋನ್ ಹಚ್ರಿ.

ನಿಮ್ಮ ಪತ್ರದಾಗೆ ನಂಗೆ ಹೆದರಿಕೆ ಆಗಿದ್ದು ಕೊನೇ ಸಾಲು. ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದ್ರಿ, ಸರಿ, ಮೂಲ ಪಿಡಿಎಫ್ ಎಲ್ಲೈತೆ? ಪ್ರಿಂಟಿನ ಮೇಲೆ ಕಾಣೋದು ಸಹಿಯ ನೆರಳು. ಬೀಗ, ಹ್ಯಾಶ್, ಟೈಮು ಎಲ್ಲಾ ಇರೋದು ಫೈಲಿನಾಗೆ.

ಇದನ್ನ ನಾನು ಹೇಳ್ತಿರೋದು ಪುಸ್ತಕ ಓದಿ ಅಲ್ಲ, ಏಟು ತಿಂದು. ನಮ್ಮ ಆಫೀಸಿನಾಗೆ ಕೆಲವು ವರ್ಷದ ಹಿಂದೆ ಒಂದು ಮಷೀನ್ ಬಾಡಿಗೆ ಕರಾರಿಗೆ ಎರಡೂ ಕಡೆಯವರು ಟೋಕನ್ ಹಾಕಿ ಚೆಂದಾಗಿ ಸಹಿ ಮಾಡಿದ್ರು, ನಾನೂ ಖುಷಿನಾಗೆ ಮಧ್ಯಾಹ್ನ ಎಲ್ರಿಗೂ ಬೆಣ್ಣೆ ದೋಸೆ ಕೊಡ್ಸಿದೆ. ಆಮೇಲೆ ನಮ್ಮ ಹುಡುಗ ಅಭ್ಯಾಸಬಲದಿಂದ ಅದನ್ನ ಪ್ರಿಂಟ್ ತೆಗೆದ, ಮೇಲೆ ಆಫೀಸ್ ಸೀಲು ಒತ್ತಿದ, ಒತ್ತಿದ್ದನ್ನ ಮತ್ತೆ ಸ್ಕ್ಯಾನ್ ಮಾಡ್ದ, ಸ್ಕ್ಯಾನ್ ಕಾಪಿನ ಅದೇ ಹೆಸರಿನಾಗೆ ಅದೇ ಫೋಲ್ಡರಿಗೆ ಸೇವ್ ಮಾಡ್ದ. ಮೂಲದ ಮೇಲೆ ಇದು ಕೂತ್ಕಂತು. ಕೇಸು ಕೋರ್ಟಿಗೆ ಬಂದು ನಾನು ಫೈಲ್ ತೆಗೆದ್ರೆ ಸಿಗ್ನೇಚರ್ ಪ್ಯಾನೆಲ್ಲೇ ಇಲ್ಲ, ನೇರಳೆ ಬಣ್ಣದ ಸೀಲು ಮಾತ್ರ ಮಿರಮಿರ ಅಂತೈತೆ! ಕೊನೆಗೆ ಕಕ್ಷಿದಾರರ ಹಳೇ ಇಮೇಲಿನಾಗೆ ಮೂಲ ಸಿಕ್ತು ಅನ್ನಿ, ಸಿಗದಿದ್ರೆ ಪಾಟಿ ಸವಾಲಿನಾಗೆ ನನ್ನ ಗತಿ ಏನಾಗ್ತಿತ್ತೋ.

ಅದಕ್ಕೆ ಸಹಿ ಆದ ಪಿಡಿಎಫ್ ಬಂದ ತಕ್ಷಣ ಬೇರೆ ಫೋಲ್ಡರಿಗೆ ಹಾಕಿ, ಒಂದು ಕಾಪಿ ಪೆನ್‌ಡ್ರೈವಿಗೂ ಹಾಕಿ, ಕಳ್ಸಿದ ಇಮೇಲ್ ಅಳಿಸಬೇಡ್ರಿ. ವಾಟ್ಸಾಪಿನಾಗೆ ಫೋಟೋ ಮಾಡಿ ಕಳಿಸಿದ್ರೂ ಸಹಿ ಹೋದಂಗೆ, ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತನೇ ಕಳಿಸ್ರಿ. ಕೋರ್ಟಿಗೆ ಕೊಡೋ ಕಾಲ ಬಂದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಬೇರೆನೇ ಒಂದು ಸರ್ಟಿಫಿಕೇಟ್ (ಡೋಂಗಲ್ಲಿನದ್ದಲ್ಲ) ಜೊತೆಗೆ ಕೊಡ್ಬೇಕು. ಮೊದ್ಲು ಹಳೇ ಸಾಕ್ಷ್ಯ ಕಾಯ್ದೆನಾಗೆ 65ಬಿ ಅಂತಿದ್ವಲ್ಲ, 2024ರ ಜುಲೈ 1ರಿಂದ ಅದು 63 ಆಗೈತೆ. ಹೊಸ ನಮೂನೆನಾಗೆ ಎರಡು ಭಾಗ, ಒಂದು ನೀವು ತುಂಬೋದು, ಒಂದು ತಜ್ಞರು ತುಂಬೋದು, ಹ್ಯಾಶ್ ಸಂಖ್ಯೆನೂ ಬರೀಬೇಕು. ಆ ಹ್ಯಾಶ್ ಪ್ರಿಂಟಿನಿಂದ ಬರಲ್ಲ.

ಇನ್ನೊಂದು, ಕಾಗದ ಇಲ್ಲ ಅಂದ್ರೆ ಸ್ಟಾಂಪ್ ಇಲ್ಲ ಅಂತ ತಿಳ್ಕೋಬೇಡ್ರಿ. ಕರ್ನಾಟಕ ಸ್ಟಾಂಪ್ ಕಾಯ್ದೆ 1957 ಎಲೆಕ್ಟ್ರಾನಿಕ್ ದಾಖಲೆಗೂ ಅನ್ವಯ ಆಗತ್ತೆ, ಇ-ಸ್ಟಾಂಪ್ ತಗೊಂಡು ಅದನ್ನ ಕರಾರಿನ ಜೊತೆ ಒಂದೇ ಪಿಡಿಎಫ್ ಮಾಡಿ ಆಮೇಲೆ ಸಹಿ ಹಾಕ್ಸಿ. ಸಹಿ ಆದ್ಮೇಲೆ ಸ್ಟಾಂಪ್ ಹಾಳೆ ಸೇರ್ಸಕ್ಕೆ ಹೋದ್ರೆ ಫೈಲ್ ಬದಲಾಯ್ತು ಅಂತ ಸಹಿನೇ ಕೂಗಿಕೊಳ್ಳತ್ತೆ. ಸ್ಟಾಂಪ್ ಕಡಿಮೆ ಬಿದ್ರೆ ಕೊರತೆ ಹಣದ ಜೊತೆ ಹತ್ತು ಪಟ್ಟು ದಂಡ ಕಟ್ಟಿದ್ರೇನೇ ಕೋರ್ಟು ಸಾಕ್ಷಿಗೆ ತಗೊಳ್ಳೋದು.

ಪ್ರಶ್ನೆ: ನಾನು ಸಣ್ಣ ಕಾಂಟ್ರಾಕ್ಟರ್. ಟೆಂಡರಿಗೆ ಅಂತ ಡೋಂಗಲ್ ಮಾಡ್ಸಿದೆ, ಅದನ್ನ ಮಾಡಿಕೊಟ್ಟೋರ ಆಫೀಸಿನಾಗೇ ಬಿಟ್ಟೀನಿ, ಪಿನ್ ಕೂಡ ಅವರೇ ಇಟ್ಟಿದ್ದು, ಅವರ ಡ್ರಾಯರ್‌ನಾಗೆ ನನ್ನಂಥವರ ಡೋಂಗಲ್ಲು ಇಪ್ಪತ್ತು ಮೂವತ್ತು ಅದಾವೆ, ಹೆಸರು ಬರೆದ ಚೀಟಿ ಅಂಟ್ಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಾರೆ. ಈಗ ನಮ್ ವಕೀಲರೂ ಒಂದು ಡೋಂಗಲ್ ನಮ್ಮ ಆಫೀಸಿನಾಗೆ ಇರಲಿ ಅಂತಾರೆ. ಕೊಡಬಹುದಾ? — ಹರಿಹರ

ಉತ್ತರ: ಕೊಡಬೇಡ್ರಿ. ಮೊದ್ಲು ಕೊಟ್ಟಿರೋದನ್ನ ಇವತ್ತೇ ಹೋಗಿ ಇಸ್ಕಂಡ್ ಬರ್ರಿ.

ಆ ರಬ್ಬರ್ ಬ್ಯಾಂಡ್ ಹಾಕಿದ ಡ್ರಾಯರ್ ನಾನೂ ನೋಡೀನಿ, ಒಂದಲ್ಲ ನಾಕಾರು ಕಡೆ. ಎಷ್ಟು ಸಲೀಸಾಗಿ ಇಟ್ಟಿರ್ತಾರೆ ಅಂದ್ರೆ ಸ್ಟೇಪ್ಲರ್ ಪಿನ್ನಿನ ಡಬ್ಬಿ ಪಕ್ಕ. ಆ ಜನ ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ರಾತ್ರಿ ಹನ್ನೆರಡಕ್ಕೆ ಟೆಂಡರ್ ಮುಗೀತದೆ, ಕಾಂಟ್ರಾಕ್ಟರ್ ಊರಲ್ಲಿರಲ್ಲ, ಕೆಲಸ ಸಾಗಬೇಕಲ್ಲ, ಹಂಗೆ ಶುರುವಾದ ಅಭ್ಯಾಸ. ಆದ್ರೆ ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಿ ಯಾರ ಕೈಗಾದ್ರೂ ಕೊಡ್ತೀರಾ? ಇದು ಅದಕ್ಕಿಂತ ಅಪಾಯ, ಖಾಲಿ ಸ್ಟಾಂಪ್ ಪೇಪರ್ ಒಂದೇ ಇರತ್ತೆ, ಡೋಂಗಲ್ಲು ಅವಧಿ ಮುಗಿಯೋ ತನಕ ಎಷ್ಟು ಬೇಕಾದ್ರೂ ಸಹಿ ಹಾಕತ್ತೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಓದ್ರಿ, ಪ್ರೈವೇಟ್ ಕೀನ ಕಾಪಾಡ್ಕೊಳ್ಳೋ ಹೊಣೆ ಸರ್ಟಿಫಿಕೇಟ್ ತಗೊಂಡೋರದ್ದೇ. ಅದು ಬೇರೆಯವರ ಕೈಗೆ ಸಿಕ್ತು ಅಂದ್ರೆ ತಡ ಮಾಡದೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಿಳಿಸ್ಬೇಕು, ತಿಳಿಸೋ ತನಕ ಏನಾದ್ರೂ ಜವಾಬ್ದಾರಿ ನಿಮ್ದು. ಡ್ರಾಯರ್‌ನಿಂದ ಎತ್ಕಂಡು ನಿಮ್ಮ ಹೆಸರಲ್ಲಿ ಮೋಸದಿಂದ ಸಹಿ ಹಾಕಿದೋನಿಗೆ 66ಸಿ ಕಲಂನಾಗೆ 3 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ ಐತೆ, ನಿಜ. ಆದ್ರೆ ಅವನು ಮೋಸ ಮಾಡ್ದ ಅಂತ ತೋರ್ಸಬೇಕಲ್ಲ, ನೀವೇ ಪಿನ್ ಸಮೇತ ಕೊಟ್ಟಿದ್ರಿ ಅಂತ ಅವನು ಹೇಳ್ತಾನೆ, ಹೇಳಿದ್ದು ಸುಳ್ಳೂ ಅಲ್ಲ.

ವಕೀಲರ ಆಫೀಸುಗಳಿಗೆ ಇಲ್ಲೇ ಒಂದು ಮಾತು. ಕಕ್ಷಿದಾರರ ಟೋಕನ್ ಇಟ್ಕೊಳ್ಳೋದು ಸೇವೆ ಅಂತ ಅಂದ್ಕಂಡಿರ್ತೀವಿ, ನಾಳೆ ಕಕ್ಷಿದಾರನೇ ತಿರುಗಿ ಬಿದ್ರೆ ಕಟಕಟೆನಾಗೆ ನಿಲ್ಲೋದು ನಾವು. ನಮ್ಮ ಸ್ವಂತ ಟೋಕನ್ನನ್ನೇ ಜೂನಿಯರ್ ಕೈಗೆ ಕೊಟ್ಟು ‘ಇ-ಫೈಲಿಂಗ್ ಮಾಡಿಬಿಡಪ್ಪ’ ಅಂತ ನಾವು ಕ್ಯಾಂಟೀನಿಗೆ ಹೋಗೋದೂ ಅದೇ ತಪ್ಪು. ಜೂನಿಯರಿಗೆ ಅವನ ಹೆಸರಲ್ಲೇ ಒಂದು ಮಾಡಿಸಿಕೊಡ್ರಿ, ಅವನು ಹಾಕಿದ ಸಹಿ ಅವನದಾಗ್ಲಿ. ನೀವು ಊರಲ್ಲಿಲ್ಲದಾಗ ಏನ್ಮಾಡೋದು ಅಂದ್ರೆ ಆಧಾರ್ ಇ-ಸೈನ್ ಒಪ್ಪೋ ಕಡೆ ಅದನ್ನ ಬಳಸ್ರಿ, ಒಪ್ಪದ ಕಡೆ ಲ್ಯಾಪ್‌ಟಾಪ್ ಜೊತೆ ಡೋಂಗಲ್ಲೂ ಬ್ಯಾಗಿನಾಗಿರಲಿ.

ಪ್ರಶ್ನೆ: ಉಯಿಲು, ಜಿಪಿಎ (ಅಧಿಕಾರ ಪತ್ರ), ಕ್ರಯಪತ್ರ ಇವುಕ್ಕೆಲ್ಲ ಡಿಜಿಟಲ್ ಸಹಿ ನಡೀತದಾ? ತಮ್ಮ ಪುಣೆನಾಗದಾನೆ, ಬರಕ್ಕಾಗಲ್ಲ ಅಂತಾನೆ. — ಹೊಸದುರ್ಗ

ಉತ್ತರ: ಉಯಿಲಿಗೆ ಇಲ್ಲ. ಟ್ರಸ್ಟಿಗೆ ಇಲ್ಲ. ಜಿಪಿಎ ಬ್ಯಾಂಕಿನಂಥ ನಿಯಂತ್ರಿತ ಸಂಸ್ಥೆಗಳಿಗೆ ಬರ್ಕೊಡೋದಾದ್ರೆ 2022ರ ತಿದ್ದುಪಡಿ ಆದ್ಮೇಲೆ ದಾರಿ ಐತೆ, ತಮ್ಮ ಅಣ್ಣನಿಗೆ ಬರ್ಕೊಡೋದಕ್ಕೆ ಇಲ್ಲ. ಸ್ಥಿರಾಸ್ತಿ ಮಾರಾಟದ ಕರಾರನ್ನ ಅದೇ ವರ್ಷ, ಮಾಹಿತಿ ತಂತ್ರಜ್ಞಾನ ಕಾಯ್ದೆನಾಗಿರೋ ‘ಇವಕ್ಕೆ ಡಿಜಿಟಲ್ ಸಹಿ ನಡೆಯಲ್ಲ’ ಅನ್ನೋ ಪಟ್ಟಿಯಿಂದ ತೆಗೆದ್ರು, ಆದ್ರೆ ಕ್ರಯಪತ್ರ ನೋಂದಣಿ ಆಗ್ಲೇಬೇಕಾದ್ರಿಂದ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ರಮ ತಪ್ಪಲ್ಲ. ಅಫಿಡವಿಟ್ಟೂ ಅಷ್ಟೇ, ನೋಟರಿ ಮುಂದೆ ನಿಂತು ಪ್ರಮಾಣ ಮಾಡೋದು ಓಟಿಪಿನಾಗೆ ಆಗಲ್ಲ. ವಕಾಲತ್ತಿಗೆ ನಾನಂತೂ ಈಗ್ಲೂ ಶಾಯಿ ಸಹಿನೇ ತಗೊಂಡು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡ್ತೀನಿ, ಮೂಲ ಫೈಲಿನಾಗಿಡ್ತೀನಿ. ತಮ್ಮನಿಗೆ ರೈಲು ಟಿಕೆಟ್ ಮಾಡ್ಸಿ.

ಪ್ರಶ್ನೆ: ನನ್ನ ಡೋಂಗಲ್ ಅವಧಿ ಮುಗೀತು, ಹೋದ ವರ್ಷ ಹಾಕಿದ ಸಹಿಗಳೂ ರದ್ದಾದ್ವಾ? — ಚಿತ್ರದುರ್ಗ

ಉತ್ತರ: ಇಲ್ಲ. ಸಹಿ ಹಾಕಿದ ದಿನ ಸರ್ಟಿಫಿಕೇಟ್ ಜೀವಂತ ಇದ್ರೆ ಸಾಕು. ಆದ್ರೆ ಆ ದಿನ ಯಾವ್ದು ಅಂತ ನಿಮ್ಮ ಕಂಪ್ಯೂಟರ್ ಗಡಿಯಾರ ಹೇಳಿದ್ರೆ ಎದುರುದಾರ ಒಪ್ಪಲ್ಲ, ಗಡಿಯಾರ ಹಿಂದಕ್ಕೆ ತಿರುಗ್ಸೋದು ಎಷ್ಟೊತ್ತಿನ ಕೆಲಸ! ದೊಡ್ಡ ಕರಾರಿಗೆ ಟೈಮ್‌ಸ್ಟಾಂಪ್ ಹಾಕ್ಸಿ, ಅಂದ್ರೆ ಸಹಿ ಆದ ಸಮಯಕ್ಕೆ ಹೊರಗಿನ ಲೈಸೆನ್ಸ್ ಸಂಸ್ಥೆನೇ ಮುದ್ರೆ ಒತ್ತೋದು.

ಪ್ರಶ್ನೆ: ಸಾರ್, ನಮ್ಮಜ್ಜಿಗೆ ಅಕ್ಷರ ಬರಲ್ಲ, ಹೆಬ್ಬೆಟ್ಟು ಒತ್ತೋರು. 11 ತಿಂಗಳ ಮಳಿಗೆ ಬಾಡಿಗೆ ಕರಾರಿಗೆ ಅವರ ಆಧಾರ್ ಇ-ಸೈನ್ ಹಾಕಿದ್ವಿ, ಓಟಿಪಿ ನನ್ನ ಮೊಬೈಲಿಗೆ ಬಂತು, ನಾನೇ ಹಾಕ್ದೆ. ಅಜ್ಜಿ ಒಳಗೆ ರೊಟ್ಟಿ ಬಡೀತಿದ್ರು. ಈಗ ಚಿಕ್ಕಪ್ಪ ತಕರಾರು ತೆಗೆದಾರೆ. — ಜಗಳೂರು

ಉತ್ತರ: ಚಿಕ್ಕಪ್ಪ ತೆಗೆದಿರೋ ತಕರಾರು ಗಟ್ಟಿಯಾಗೇ ಐತೆ ಕಣಮ್ಮ. 11 ತಿಂಗಳ ಕರಾರು ಇ-ಸೈನ್‌ನಾಗೆ ಆಗತ್ತೆ, ಸ್ಟಾಂಪ್ ಹಾಕಿದ್ರೆ ನೋಂದಣಿನೂ ಬೇಡ, ಅದ್ರಲ್ಲಿ ಏನೂ ತಪ್ಪಿಲ್ಲ. ಆದ್ರೆ ಓಟಿಪಿ ಹಾಕೋದು ಅಂದ್ರೆ ‘ನಾನು ಒಪ್ಪಿದೀನಿ’ ಅಂತ ಹೇಳೋದು, ಒಪ್ಪಬೇಕಾದೋರು ಒಲೆ ಮುಂದೆ ಇದ್ರು, ಹೇಳಿದ್ದು ನೀನು. ಅಜ್ಜಿಗೆ ಕರಾರು ಓದಿ ಹೇಳಿದ್ರಾ, ಬಾಡಿಗೆ ಎಷ್ಟು ಅಂತ ಗೊತ್ತಾ, ಅದನ್ನೇ ಕೋರ್ಟು ಕೇಳೋದು. ಇ-ಸೈನ್ ಕೀ ಸಹಿ ಆದ್ಮೇಲೆ ಅಳಿಸಿ ಹೋಗತ್ತೆ, ಸರ್ಟಿಫಿಕೇಟ್ ಆಯಸ್ಸು 30 ನಿಮಿಷ, ಅಷ್ಟರಲ್ಲಿ ಫೋನ್ ಯಾರ ಕೈನಾಗಿತ್ತು ಅಂತ ಮಾತ್ರ ಅದರಲ್ಲಿ ಬರೆದಿರಲ್ಲ.

ಜಗಳ ಬೆಳೆಸೋ ಬದ್ಲು ಹೊಸದಾಗಿ ಮಾಡ್ರಿ. ಅಜ್ಜಿನ ಕೂರ್ಸಿ, ಬಾಡಿಗೆದಾರನ ಮುಂದೆನೇ ಕನ್ನಡದಾಗೆ ಪೂರ್ತಿ ಓದಿ ಹೇಳಿ, ಓದಿ ಹೇಳಿದೋರು ಯಾರು ಅಂತ ಕೆಳಗೆ ಬರ್ದು, ಇಬ್ಬರು ಸಾಕ್ಷಿ ಹಾಕ್ಸಿ, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸ್ರಿ. ಚಿಕ್ಕಪ್ಪನ್ನೂ ಕರೀರಿ, ಒಬ್ಬ ಸಾಕ್ಷಿ ಅವರೇ ಆಗ್ಲಿ.